ಕೊನೆಯ ಪದವಾಗಬಯಸಿದ ರಸ್ತೆ

ಹಳ್ಳಿಯ ಹಾದಿಗೆ ಹೆಸರಿಡುವವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಹೆಸರು ತಾನಾಗಿಯೇ ಬರುತ್ತದೆ. ಕೆರೆಗೆ ಹೋಗುವ ಹಾದಿ ಕೆರೆ ದಾರಿಯಾಗುತ್ತದೆ, ಸಂತೆಗೆ ಹೋಗುವುದು ಸಂತೆ ದಾರಿಯಾಗುತ್ತದೆ. ನಗರಗಳ ರೀತಿ ಬೇರೆ. ಅಲ್ಲಿ ಪಾಲಿಕೆಯ ಸದಸ್ಯರು ಸಭೆ ಸೇರಿ, ನಿರ್ಣಯ ಅಂಗೀಕರಿಸಿ, ಮಹನೀಯರೊಬ್ಬರ ಹೆಸರಿನ ಫಲಕವನ್ನು ನೆಡುತ್ತಾರೆ. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದುಂಟು. ಒಬ್ಬನೇ ಮನುಷ್ಯ ಏಕಾಂತದಲ್ಲಿ ಕುಳಿತು, ಅಕ್ಷರಗಳನ್ನು ಲೆಕ್ಕ ಹಾಕಿ ಜೋಡಿಸಿ, ತನ್ನ ವ್ಯಾಪಾರಕ್ಕೆ ಅನುಕೂಲವಾಗಲೆಂದು ಸೃಷ್ಟಿಸಿದ ಹೆಸರು ಅದು. ಅಂಥ ಹೆಸರನ್ನು ಹೊತ್ತ ನಿರ್ಜನವಾದ ರಸ್ತೆಯೊಂದು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಮರುಭೂಮಿಯಲ್ಲಿದೆ.

ಅಮೆರಿಕದಲ್ಲಿ ನೆಲೆಸಿದ ಮಕ್ಕಳನ್ನು ಕಾಣಲು ಹೋಗಿಬಂದ ಹಿರಿಯರಲ್ಲಿ ಕೆಲವರಾದರೂ ಲಾಸ್ ಏಂಜಲಿಸ್‌ನಿಂದ ಲಾಸ್ ವೇಗಸ್‌ಗೆ ಕಾರಿನಲ್ಲಿ ಪಯಣಿಸಿರಬಹುದು. ಸುಮಾರು 270 ಮೈಲಿಗಳ ಈ ಹಾದಿ ಬಹುಪಾಲು ಮೊಹಾವಿ ಮರುಭೂಮಿಯನ್ನು ಹಾಯ್ದು ಹೋಗುತ್ತದೆ. ಬೇಕರ್ ಎಂಬ ಪುಟ್ಟ ಊರು ಇನ್ನು ಕೆಲವೇ ಮೈಲಿ ಇರುವಾಗ ಹೆದ್ದಾರಿಯ ಪಕ್ಕದಲ್ಲಿ ಒಂದು ಹಸಿರು ಫಲಕ ಕಾಣಿಸುತ್ತದೆ. ಅದರ ಮೇಲಿನ ಹೆಸರನ್ನು ಒಮ್ಮೆಗೇ ಓದಿದವರು ವಿರಳ. ಇಂಗ್ಲಿಷಿನ ಕೊನೆಯ ಅಕ್ಷರವಾದ ‘ಜೆಡ್’ ಎರಡು ಬಾರಿ, ಬಳಿಕ ಒಂದು ‘ವೈ’, ಮತ್ತೆ ‘ಜೆಡ್’, ಕಟ್ಟಕಡೆಗೆ ‘ಎಕ್ಸ್’. ಐದು ಅಕ್ಷರಗಳಲ್ಲಿ ಆ ಭಾಷೆಯ ಪ್ರಸಿದ್ಧವಾದ ಐದು ಸ್ವರಗಳ ಪೈಕಿ ಒಂದೂ ಇಲ್ಲ. ಬಲ್ಲವರು ಇದನ್ನು ‘ಜೈಜಿಕ್ಸ್’ ಎಂದು ಉಚ್ಚರಿಸುತ್ತಾರೆ.

ಹೆದ್ದಾರಿಯಿಂದ ಒಡೆದು ದಕ್ಷಿಣಕ್ಕೆ ಸಾಗುವ ಜೈಜಿಕ್ಸ್ ರಸ್ತೆಯ ಉದ್ದ ಸುಮಾರು ನಾಲ್ಕೂವರೆ ಮೈಲಿ. ಒಂದು ಬದಿಗೆ ಬೋಳು ಬೆಟ್ಟ. ಇನ್ನೊಂದು ಬದಿಗೆ ಸೋಡಾ ಲೇಕ್ ಎಂಬ ಒಣ ಸರೋವರದ ಬಿಳಿಯ ಬಯಲು. ನಡುವೆ ಮನೆಯಿಲ್ಲ, ಅಂಗಡಿಯಿಲ್ಲ, ಹೊಲಗದ್ದೆಗಳಿಲ್ಲ. ರಸ್ತೆ ಮುಗಿಯುವಲ್ಲಿ ಮಾತ್ರ ಇದ್ದಕ್ಕಿದ್ದಂತೆ ತಾಳೆಯ ಜಾತಿಯ ಮರಗಳ ಸಾಲು, ಹಳೆಯ ಕಟ್ಟಡಗಳು ಹಾಗೂ ಒಂದು ಕೊಳ ಗೋಚರಿಸುತ್ತವೆ. ಈ ಹೆಸರಿನ ಮೂಲ ಅಲ್ಲಿದೆ. ಅದರ ಇತಿಹಾಸವನ್ನು ಅರಿತವರಿಗೆ, ವಿನೋದವೆಂದು ತೋರುವ ಈ ಹೆಸರಿನ ಹಿಂದೆ ಸಾವಿರಾರು ರೋಗಿಗಳ ಆಸೆಯೂ ಒಬ್ಬ ಮನುಷ್ಯನ ಅಸಾಧಾರಣ ಧೈರ್ಯವೂ ಅಡಗಿರುವುದು ಮನವರಿಕೆಯಾಗದೆ ಇರದು.

ಹೆಸರಿಗೆ ಮುನ್ನ

ಮರುಭೂಮಿಯಲ್ಲಿ ನೀರು ಇರುವಲ್ಲಿಗೆ ಎಲ್ಲ ಹಾದಿಗಳೂ ಬಂದು ಸೇರುತ್ತವೆ. ಮೊಹಾವಿ ನದಿ ಸಮುದ್ರವನ್ನು ಸೇರುವ ನದಿಯಲ್ಲ. ಬಹುದೂರ ಮರಳಿನ ಅಡಿಯಲ್ಲಿ ಹರಿದು ಬಂದು ಅದು ಈ ಒಣ ಸರೋವರದ ಪ್ರದೇಶದಲ್ಲಿ ಇಂಗಿಹೋಗುತ್ತದೆ. ನೀರು ಆರಿದ ಮೇಲೆ ಉಳಿಯುವ ಕ್ಷಾರವೇ ಬಯಲಿನ ಬಿಳುಪಿಗೆ ಕಾರಣ. ಬಯಲಿನ ಪಶ್ಚಿಮದ ಅಂಚಿನಲ್ಲಿ ಬೆಟ್ಟದ ಬುಡಕ್ಕೆ ಸೇರಿದಂತೆ ಕೆಲವು ಚಿಲುಮೆಗಳಿದ್ದು, ಆ ಸ್ಥಳಕ್ಕೆ ಹಿಂದಿನಿಂದಲೂ ಸೋಡಾ ಸ್ಪ್ರಿಂಗ್ಸ್ ಎಂಬ ಹೆಸರಿತ್ತು.

ಕೊಲರಾಡೊ ನದಿಯ ದಂಡೆಯ ಮೊಹಾವಿ ಜನರು ಪಶ್ಚಿಮ ಸಮುದ್ರತೀರದವರೊಡನೆ ವ್ಯಾಪಾರ ಮಾಡಲು ಇದೇ ಮಾರ್ಗವಾಗಿ ನಡೆದು ಹೋಗುತ್ತಿದ್ದರು. 1776ರಲ್ಲಿ ಸ್ಪೇನಿನ ಪಾದ್ರಿ ಫ್ರಾನ್ಸಿಸ್ಕೊ ಗಾರ್ಸೆಸ್, 1826ರಲ್ಲಿ ಜೆಡೆಡಯ ಸ್ಮಿತ್ ಎಂಬ ಅನ್ವೇಷಕ ಈ ದಾರಿ ಹಿಡಿದು ಬಂದರು. 1860ರಲ್ಲಿ ಅಮೆರಿಕದ ಸೈನ್ಯ ಇಲ್ಲೊಂದು ಸಣ್ಣ ಠಾಣ್ಯವನ್ನು ಕಟ್ಟಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಟೋನೊಪಾ ಮತ್ತು ಟೈಡ್‌ವಾಟರ್ ಎಂಬ ರೈಲುಮಾರ್ಗ ಬಯಲಿನ ಬದಿಯಲ್ಲೇ ಹಾದುಹೋಯಿತು. 1940ರಲ್ಲಿ ಆ ರೈಲು ನಿಂತಿತು. ಯುದ್ಧಕಾಲದಲ್ಲಿ ಹಳಿಗಳನ್ನೂ ಕಿತ್ತೊಯ್ದರು. ಹೀಗೆ ಬಂದವರೆಲ್ಲ ನೀರು ಕುಡಿದು ಮುಂದೆ ಹೋದ ಸ್ಥಳದಲ್ಲಿ, 1944ರಲ್ಲಿ ನಿಲ್ಲಲೆಂದೇ ಬಂದವನು ಕರ್ಟಿಸ್ ಹೋವ್ ಸ್ಪ್ರಿಂಗರ್.

ಪದವಿಗಳಿಲ್ಲದ ಡಾಕ್ಟರ್

ಸ್ಪ್ರಿಂಗರ್ 1896ರಲ್ಲಿ ಅಲಬಾಮ ರಾಜ್ಯದಲ್ಲಿ ಜನಿಸಿದವನು. ಮಾತು ಅವನಿಗೆ ದೈವದತ್ತವಾಗಿ ಬಂದ ಬಂಡವಾಳ. ತನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದುಕೊಂಡ, ಧರ್ಮೋಪದೇಶಕನೆಂದೂ ಹೇಳಿಕೊಂಡ. ವಾಸ್ತವವಾಗಿ ಆತ ವೈದ್ಯನೂ ಆಗಿರಲಿಲ್ಲ, ಚರ್ಚಿನಿಂದ ದೀಕ್ಷೆ ಪಡೆದ ಪಾದ್ರಿಯೂ ಆಗಿರಲಿಲ್ಲ. ಊರೂರುಗಳಲ್ಲಿ ಆರೋಗ್ಯದ ಬಗ್ಗೆ ಉಪನ್ಯಾಸಗಳನ್ನು ಮಾಡುತ್ತ, ರೇಡಿಯೊದಲ್ಲಿ ಭಜನೆ, ಪ್ರವಚನಗಳ ನಡುವೆ ತನ್ನ ಔಷಧಗಳನ್ನು ಮಾರುತ್ತ ಆತ ಹೆಸರು ಗಳಿಸಿದ.

ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಎಂಬ ವೈದ್ಯಸಂಘ ಆತನ ಪದವಿಗಳ ಜಾಡು ಹಿಡಿದು ವಿಚಾರಿಸಿತು. ಆತ ಹೆಸರಿಸಿದ ಕೆಲವು ವಿದ್ಯಾಸಂಸ್ಥೆಗಳು ಅಸ್ತಿತ್ವದಲ್ಲೇ ಇರಲಿಲ್ಲ. 1936ರಲ್ಲಿ ಸಂಘದ ಪತ್ರಿಕೆ ಈ ಸಂಗತಿಗಳನ್ನೆಲ್ಲ ಪ್ರಕಟಿಸಿ, ಆತನನ್ನು ನೇರವಾಗಿ ನಕಲಿ ವೈದ್ಯನೆಂದು ಕರೆಯಿತು. ಪ್ರಳಯಪೂರ್ವ ಕಾಲದ್ದೆಂದು ಹೊಗಳಿ ಆತ ಮಾರುತ್ತಿದ್ದ ಒಂದು ‘ಚಹ’ದಲ್ಲಿ ಇದ್ದದ್ದು ಮುಖ್ಯವಾಗಿ ಭೇದಿ ಮಾಡಿಸುವ ಗಿಡಮೂಲಿಕೆಗಳು. ಕನ್ನಡದಲ್ಲಿ ಇಂಥವರಿಗೆ ‘ಅಳಲೆಕಾಯಿ ಪಂಡಿತ’ ಎಂಬ ಸಾರ್ಥಕವಾದ ಹೆಸರು ಹಿಂದಿನಿಂದಲೂ ಇದೆ. ಅಳಲೆಕಾಯಿಯೂ ಹೊಟ್ಟೆಯನ್ನು ಸಡಿಲಗೊಳಿಸುವ ವಸ್ತುವೇ. ಒಂದೇ ಕಾಯಿಯಿಂದ ಸಕಲ ರೋಗಗಳನ್ನೂ ವಾಸಿಮಾಡುತ್ತೇನೆಂದು ಹೊರಡುವ ಪಂಡಿತರು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯವರು ಎನ್ನಬೇಕು.

ಹೆಸರು ಹುಟ್ಟಿದ್ದು

ಅಮೆರಿಕದ 1872ರ ಗಣಿ ಕಾಯಿದೆಯ ಪ್ರಕಾರ ಪ್ರಜೆಯೊಬ್ಬನು ಸರಕಾರಿ ಭೂಮಿಯಲ್ಲಿ ಖನಿಜವನ್ನು ಗುರುತಿಸಿ, ಅದನ್ನು ತೆಗೆಯುವ ಹಕ್ಕಿಗಾಗಿ ಅರ್ಜಿಯನ್ನು ದಾಖಲಿಸಬಹುದು. ಸ್ಪ್ರಿಂಗರ್ ಈ ಕಾಯಿದೆಯನ್ನು ಆಶ್ರಯಿಸಿ, ಎಂಟು ಮೈಲಿ ಉದ್ದ, ಮೂರು ಮೈಲಿ ಅಗಲದ ಪ್ರದೇಶದಲ್ಲಿ 12,800 ಎಕರೆಗೆ ಹಕ್ಕು ಸಾರಿದ. ಖನಿಜ ತೆಗೆಯುವ ಹಕ್ಕು ಬೇರೆ, ಭೂಮಿಯ ಒಡೆತನ ಬೇರೆ. ಹೋಟೆಲು ಕಟ್ಟಿ ಅತಿಥಿಗಳನ್ನು ಇರಿಸಿಕೊಳ್ಳಲು ಆ ಅರ್ಜಿ ಯಾವ ಅಧಿಕಾರವನ್ನೂ ಕೊಡುತ್ತಿರಲಿಲ್ಲ. ಆದರೆ ಜನರಹಿತವಾದ ಆ ಬಯಲಿನಲ್ಲಿ ಕೇಳುವವರು ಯಾರು? ಸ್ಪ್ರಿಂಗರ್ ದಂಪತಿಗಳು ಡೇರೆ ಹಾಕಿದರು, ಕೆಲಸ ಆರಂಭವಾಯಿತು.

ಹೆಸರಿನ ಪ್ರಶ್ನೆ ಬಂದಾಗ ಆತನ ವ್ಯಾಪಾರಬುದ್ಧಿ ಪೂರ್ಣವಾಗಿ ಪ್ರಕಟವಾಯಿತು. ಯಾವುದೇ ವಿಷಯದಲ್ಲಿ ಅದಕ್ಕಿಂತ ಮಿಗಿಲಾದದ್ದಿಲ್ಲ ಎನ್ನಲು ಇಂಗ್ಲಿಷಿನವರು ಅದನ್ನು ಆ ವಿಷಯದ ‘ಕೊನೆಯ ಪದ’ ಎನ್ನುತ್ತಾರೆ. ತನ್ನ ಆರೋಗ್ಯಧಾಮ ಆರೋಗ್ಯದ ವಿಷಯದಲ್ಲಿ ಕೊನೆಯ ಪದವಾಗಬೇಕೆಂದು ಬಯಸಿದ ಸ್ಪ್ರಿಂಗರ್, ನಿಘಂಟಿನಲ್ಲಿಯೂ ಅಕ್ಷರಶಃ ಕೊನೆಯಲ್ಲಿ ನಿಲ್ಲುವಂಥ ಪದವೊಂದನ್ನು ಜೋಡಿಸಿದ. ಅದೇ ‘ಜೈಜಿಕ್ಸ್’. ಧಾಮಕ್ಕೆ ಬಂದ ಹೆಸರೇ ಅಲ್ಲಿಗೆ ಹೋಗುವ ಹಾದಿಗೂ ಬಂತು. ನಮ್ಮ ಭಾಷೆಯಲ್ಲಿ ಈ ಚಮತ್ಕಾರ ಅಷ್ಟು ಸುಲಭವಲ್ಲ. ಕನ್ನಡ ವರ್ಣಮಾಲೆಯ ಕೊನೆಯ ಅಕ್ಷರ ‘ಳ’. ಆ ಅಕ್ಷರದಿಂದ ಪದವನ್ನು ಆರಂಭಿಸುವ ರೂಢಿಯೇ ನಮ್ಮಲ್ಲಿಲ್ಲ!

ಲಾಸ್ ಏಂಜಲಿಸ್ ನಗರದ ಬೀದಿಗಳಲ್ಲಿ ದಿಕ್ಕಿಲ್ಲದೆ, ಬಹುತೇಕ ಕುಡಿತಕ್ಕೆ ಬಲಿಯಾಗಿ ಬಿದ್ದಿದ್ದ ಜನರನ್ನು ಆತ ಕರೆತಂದ. ಅವರಿಗೆ ಊಟ ಮತ್ತು ವಸತಿ ಕೊಟ್ಟು ಅವರಿಂದಲೇ ಕಟ್ಟಡಗಳನ್ನು ಕಟ್ಟಿಸಿದ. ಕಾಲಕ್ರಮದಲ್ಲಿ 60 ಕೋಣೆಗಳ ಹೋಟೆಲು, ಚರ್ಚು, ಶಿಲುಬೆಯಾಕಾರದ ಸ್ನಾನಗೃಹ, ರೇಡಿಯೊ ಸ್ಟುಡಿಯೊ, ‘ಜೈಪೋರ್ಟ್’ ಎಂಬ ವಿಮಾನದ ಓಡುದಾರಿ ಎಲ್ಲವೂ ಎದ್ದುನಿಂತವು. ಒಳಗಿನ ಮುಖ್ಯ ಬೀದಿಗೆ ‘ಕನಸುಗಳ ರಾಜಬೀದಿ’ ಎಂಬ ಅರ್ಥದ ಇಂಗ್ಲಿಷ್ ಹೆಸರನ್ನಿಟ್ಟ. ಬಿಸಿನೀರಿನ ಬುಗ್ಗೆಗಳೆಂದು ಅತಿಥಿಗಳು ನಂಬಿದ್ದ ಸ್ನಾನದ ತೊಟ್ಟಿಗಳಿಗೆ ಶಾಖ ಬರುತ್ತಿದ್ದುದು ಭೂಗರ್ಭದಿಂದಲ್ಲ, ಬಾಯ್ಲರಿನಿಂದ. ಆತನ ಕಾರ್ಯಕ್ರಮ ಒಂದು ಕಾಲದಲ್ಲಿ ಅಮೆರಿಕದ ಇನ್ನೂರಕ್ಕೂ ಹೆಚ್ಚು ರೇಡಿಯೊ ಕೇಂದ್ರಗಳಿಂದ ಪ್ರಸಾರವಾಗುತ್ತಿತ್ತು. ಔಷಧಗಳಿಗೆ ಬೆಲೆಯೆಂದು ಹೇಳದೆ ‘ಕಾಣಿಕೆ’ ಎನ್ನುವುದು ಆತನ ಪದ್ಧತಿ. ಕಾಣಿಕೆಯ ಲಕೋಟೆಗಳು ಮರುಭೂಮಿಗೆ ಪ್ರವಾಹದಂತೆ ಹರಿದುಬಂದವು.

ಜನರೇಕೆ ಹೋದರು?

ಇಷ್ಟನ್ನು ಓದಿದವರು ಅಲ್ಲಿಗೆ ಹೋದವರನ್ನು ಮೂಢರೆಂದು ತಳ್ಳಿಹಾಕಿದರೆ ಅದು ನ್ಯಾಯವಾಗಲಾರದು. ಅಲ್ಲಿಗೆ ಹೋದವರಲ್ಲಿ ಅನೇಕರು ವಯಸ್ಸಾದವರು, ದೀರ್ಘಕಾಲದ ನೋವಿನಿಂದ ಬಳಲಿದವರು. ಆಸ್ಪತ್ರೆಯಲ್ಲಿ ಅವರ ಮಾತನ್ನು ಕೇಳಲು ಯಾರಿಗೂ ಪುರುಸೊತ್ತಿಲ್ಲದಿದ್ದಾಗ, ರೇಡಿಯೊದಲ್ಲಿ ಒಂದು ಆತ್ಮೀಯ ಧ್ವನಿ ಬನ್ನಿ ಎಂದು ಕರೆಯಿತು. ಜೈಜಿಕ್ಸಿನಲ್ಲಿ ಮದ್ಯ ನಿಷಿದ್ಧ. ಹೊತ್ತಿಗೆ ಸರಿಯಾಗಿ ಊಟ, ಬಿಸಿನೀರಿನ ಸ್ನಾನ, ಶುಭ್ರವಾದ ಒಣಹವೆ, ಧ್ವನಿವರ್ಧಕದಲ್ಲಿ ಪ್ರವಚನ, ಸಮವಯಸ್ಕರ ಸಂಗಡ ಸಂಜೆಯ ಹರಟೆ. ಬಿಸಿನೀರು ಬಿಗಿದ ಕೀಲುಗಳಿಗೆ ಹಿತ ನೀಡುತ್ತದೆ, ವಿಶ್ರಾಂತಿ ನಿದ್ರೆಯನ್ನು ತರುತ್ತದೆ, ಒಡನಾಟ ಮನಸ್ಸಿನ ಭಾರವನ್ನು ಇಳಿಸುತ್ತದೆ. ಮನೆಗೆ ಹಿಂದಿರುಗಿದವರಲ್ಲಿ ಹಲವರು ತಾವು ಸುಧಾರಿಸಿದೆವೆಂದು ಹೇಳಿದ್ದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಸುಧಾರಣೆಯ ಕೀರ್ತಿ ಸೇರಿದ್ದು ವಿಶ್ರಾಂತಿಗಲ್ಲ, ಸ್ಪ್ರಿಂಗರನ ಪೊಟ್ಟಣಗಳಿಗೆ.

ಅಪಾಯ ಇರುವುದು ಇಲ್ಲಿಯೇ. ಇಂಥ ಔಷಧಗಳಲ್ಲಿ ವಿಷವಿಲ್ಲದಿದ್ದರೂ ಕಾಲಹರಣವಿದೆ. ಆರಂಭದಲ್ಲಿ ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾದ ಗೆಡ್ಡೆ, ಪಥ್ಯ ಹಾಗೂ ಮದ್ದಿನಿಂದ ಅಂಕೆಯಲ್ಲಿಡಬಹುದಾದ ಮಧುಮೇಹ, ಹಿತವೆನಿಸುವ ಒಂದು ಲೋಟ ಚಹದ ಭರವಸೆಯಲ್ಲಿ ತಿಂಗಳುಗಟ್ಟಲೆ ಮುಂದುವರಿದಾಗ, ಕಳೆದುಹೋದ ಆ ತಿಂಗಳುಗಳನ್ನು ಯಾವ ವೈದ್ಯನೂ ಹಿಂದಕ್ಕೆ ತಂದುಕೊಡಲಾರ. ಕಳೆದ ಹಣವನ್ನು ಮತ್ತೆ ಸಂಪಾದಿಸಬಹುದು. ಕಳೆದ ಕಾಲವನ್ನು ಸಂಪಾದಿಸಲಾಗದು.

ಎರಡು ಸುಳ್ಳು ಹಕ್ಕುಗಳು

ಸ್ಪ್ರಿಂಗರನ ಸಾಮ್ರಾಜ್ಯ ನಿಂತದ್ದು ಎರಡು ಸುಳ್ಳು ಹಕ್ಕುಗಳ ಮೇಲೆ. ಒಂದು, ತನ್ನ ಹೆಸರಿನ ಹಿಂದು ಮುಂದಿನ ಪದವಿಗಳ ಮೇಲೆ. ಇನ್ನೊಂದು, ತಾನು ನಿಂತ ನೆಲದ ಮೇಲೆ. ಮೊದಲನೆಯದು 1936ರಲ್ಲೇ ಬಯಲಾಗಿತ್ತು. ಆದರೂ ಕೇಳುಗರ ವಿಶ್ವಾಸ ಕುಂದಲಿಲ್ಲ. ಆತನನ್ನು ಮರುಭೂಮಿಯಿಂದ ಹೊರಡಿಸಿದ್ದು ಎರಡನೆಯದು.

1960ರ ದಶಕದ ಕೊನೆಯ ಹೊತ್ತಿಗೆ, ದೊಡ್ಡ ಮೊತ್ತದ ಕಾಣಿಕೆ ಕೊಟ್ಟವರಿಗೆ ಆ ಭೂಮಿಯಲ್ಲೇ ಮನೆ ಕಟ್ಟಿಕೊಳ್ಳಲು ಸ್ಪ್ರಿಂಗರ್ ಅವಕಾಶ ಕೊಡತೊಡಗಿದ. ಸರಕಾರಿ ಭೂಮಿಗಳ ಮೇಲ್ವಿಚಾರಣೆ ನಡೆಸುವ ಇಲಾಖೆಯ ಕಣ್ಣು ಆಗ ಇತ್ತ ಹೊರಳಿತು. ದಾಖಲೆಗಳನ್ನು ತೆಗೆದು ನೋಡಿದಾಗ, ಹೋಟೆಲು, ಚರ್ಚು, ಕೊಳ, ಓಡುದಾರಿಗಳೆಲ್ಲ ನಿಂತಿರುವುದು ಸರಕಾರದ ನೆಲದಲ್ಲಿ ಎಂಬುದು ಸ್ಥಿರಪಟ್ಟಿತು. 1969ರಲ್ಲಿ ವೈದ್ಯಸಂಘ ಸ್ಪ್ರಿಂಗರನಿಗೆ, ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಅಳಲೆಕಾಯಿ ಪಂಡಿತರ ಅರಸ’ ಎಂಬ ಬಿರುದನ್ನು ದಯಪಾಲಿಸಿತು. ಸುಳ್ಳು ಜಾಹೀರಾತಿನ ಆಪಾದನೆ ಸಾಬೀತಾಗಿ ಆತ ಕೆಲವು ವಾರಗಳ ಕಾಲ ಸೆರೆಮನೆಯಲ್ಲಿಯೂ ಇರಬೇಕಾಯಿತು. 1974ರ ಏಪ್ರಿಲ್‌ನಲ್ಲಿ ಸರಕಾರಿ ಅಧಿಕಾರಿಗಳು ಬಂದು ಆತನನ್ನೂ ಆತನ ಅನುಯಾಯಿಗಳನ್ನೂ ಅಲ್ಲಿಂದ ತೆರವು ಮಾಡಿಸಿದರು. ಮೂವತ್ತು ವರ್ಷಗಳ ಆಳ್ವಿಕೆ ಹೀಗೆ ಮುಗಿಯಿತು. ಲಾಸ್ ವೇಗಸ್‌ನಲ್ಲಿ ನೆಲೆಸಿದ ಸ್ಪ್ರಿಂಗರ್ 1985ರಲ್ಲಿ ತೀರಿಕೊಂಡ. ಜೈಜಿಕ್ಸಿಗೆ ಆತ ಒಡೆಯನಾಗಿ ಹಿಂದಿರುಗಲಿಲ್ಲ.

ಈ ಘಟನಾವಳಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಭೂಮಿಯನ್ನು ಆಧಾರವಾಗಿಟ್ಟು ಸಾಲ ಕೇಳಿದರೆ, ಯಾವ ಬ್ಯಾಂಕಾದರೂ ಮೂಲಪತ್ರಗಳನ್ನೂ ಋಣಭಾರದ ಪತ್ರವನ್ನೂ ಪರಿಶೀಲಿಸದೆ ಹಣ ಕೊಡುವುದಿಲ್ಲ. ಒಂದು ಪುಟ್ಟ ಫ್ಲ್ಯಾಟನ್ನು ಕೊಳ್ಳುವ ಸಂಸಾರವಂತನೂ ವಕೀಲರ ಬಳಿ ಹತ್ತು ಬಾರಿ ಓಡಾಡುತ್ತಾನೆ. ಅದೇ ಮನುಷ್ಯ, ಹೆಂಡತಿಯ ಮಂಡಿನೋವಿಗೋ ತಾಯಿಯ ಸಕ್ಕರೆ ಕಾಯಿಲೆಗೋ ಮದ್ದನ್ನು ತರುವಾಗ, ಕೊಡುವವನು ಎಲ್ಲಿ ಓದಿದವನು, ಆತನ ಹೆಸರು ವೈದ್ಯಕೀಯ ಪರಿಷತ್ತಿನ ದಾಖಲೆಯಲ್ಲಿದೆಯೇ, ಪೊಟ್ಟಣದಲ್ಲಿ ಇರುವುದೇನು ಎಂದು ಒಂದು ಮಾತನ್ನೂ ಕೇಳುವುದಿಲ್ಲ. ನಿವೇಶನಕ್ಕೆ ತೋರುವ ಎಚ್ಚರವನ್ನು ದೇಹಕ್ಕೆ ತೋರದಿರುವುದು ವಿಚಿತ್ರವಲ್ಲವೇ?

ಇದು ಹೊರನಾಡಿನ ನಗರಗಳಲ್ಲಿ ಬಾಳುವ ನಮಗೆ ದೂರದ ಕಥೆಯೂ ಅಲ್ಲ. ಮುಂಬಯಿಯ ಲೋಕಲ್ ರೈಲಿನ ಡಬ್ಬಿಗಳಲ್ಲಿ ಮೂಲವ್ಯಾಧಿಯಿಂದ ಹಿಡಿದು ಬಂಜೆತನದವರೆಗೆ ಸಕಲಕ್ಕೂ ‘ಗ್ಯಾರಂಟಿ’ ಪರಿಹಾರ ಸಾರುವ ಚೀಟಿಗಳನ್ನು ಕಾಣದವರಾರು? ಅಂದು ರೇಡಿಯೊ ಮಾಡುತ್ತಿದ್ದ ಕೆಲಸವನ್ನು ಇಂದು ಅಂಗೈಯಲ್ಲಿನ ಮೊಬೈಲ್ ಇನ್ನಷ್ಟು ಚುರುಕಾಗಿ ಮಾಡುತ್ತಿದೆ. ನಮ್ಮ ದೇಶದಲ್ಲಿ 1954ರಲ್ಲೇ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ ಕಾಯಿದೆ ಬಂದಿದೆ. ಅದರ ಅನುಸೂಚಿಯಲ್ಲಿ ಕ್ಯಾನ್ಸರ್, ಮಧುಮೇಹ, ಅಪಸ್ಮಾರ, ಕುರುಡುತನ, ರಕ್ತದೊತ್ತಡ ಮೊದಲಾದ 54 ರೋಗಗಳನ್ನು ಹೆಸರಿಸಿ, ಅವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ನೀಡುವುದನ್ನು ನಿಷೇಧಿಸಲಾಗಿದೆ. ಆದರೆ ಕಾಯಿದೆ ಪ್ರತಿಯೊಂದು ಮನೆಯ ಬಾಗಿಲಲ್ಲಿ ಕಾವಲು ನಿಲ್ಲಲಾರದು.

ಬಂಧುಬಳಗದಿಂದ ದೂರವಿದ್ದು, ಊರಿನ ಪರಿಚಿತ ವೈದ್ಯರಿಲ್ಲದೆ, ಭಾಷೆ ಬಾರದ ವೃದ್ಧ ತಾಯ್ತಂದೆಗಳನ್ನು ದೊಡ್ಡ ಆಸ್ಪತ್ರೆಗಳ ಸಾಲಿನಲ್ಲಿ ನಿಲ್ಲಿಸಬೇಕಾದವರಿಗೆ ಸ್ಪ್ರಿಂಗರನಂಥವರ ಆತ್ಮೀಯ ಧ್ವನಿ ಬಹುಬೇಗ ಒಪ್ಪಿಗೆಯಾಗುತ್ತದೆ. ಆದುದರಿಂದ ಕೆಲವು ಲಕ್ಷಣಗಳನ್ನು ನೆನಪಿನಲ್ಲಿಡುವುದು ಒಳಿತು. ಒಂದೇ ಮದ್ದು ಹಲವು ರೋಗಗಳಿಗೆ ಎಂದರೆ ಸಂಶಯಪಡಬೇಕು. ಮದ್ದಿನ ಒಳವಸ್ತು ಗುಟ್ಟೆಂದರೆ ದೂರವಿರಬೇಕು. ಪುರಾವೆ ಕೇಳಿದಾಗ ಗುಣವಾದವರ ಪತ್ರಗಳನ್ನಷ್ಟೇ ತೋರಿಸಿದರೆ, ಗುಣವಾಗದವರು ಪತ್ರ ಬರೆಯುವುದಿಲ್ಲ ಎಂಬುದನ್ನು ಜ್ಞಾಪಿಸಿಕೊಳ್ಳಬೇಕು. ವೈದ್ಯರು ಕೊಟ್ಟ ಮಾತ್ರೆಗಳನ್ನು ನಿಲ್ಲಿಸಿರಿ ಎಂದ ಕ್ಷಣವೇ ಎದ್ದು ಬರಬೇಕು. ಜೊತೆಗೆ, ಮನೆಯ ಹಿರಿಯರ ಬಳಿ ದಿನಕ್ಕೆ ಅರ್ಧ ಗಂಟೆ ಕುಳಿತು ಅವರ ನೋವನ್ನು ಕೇಳುವವರಿದ್ದರೆ, ಅಳಲೆಕಾಯಿ ಪಂಡಿತನ ವ್ಯಾಪಾರ ಅರ್ಧಕ್ಕರ್ಧ ಅಲ್ಲಿಯೇ ನಿಂತುಹೋಗುತ್ತದೆ.

ಹೆಸರು ಉಳಿಯಿತು

ಹೆಸರಿಟ್ಟವನು ಹೋದ ಮೇಲೂ ಹೆಸರು ಉಳಿಯಿತು. 1976ರಿಂದ ಆ ಕಟ್ಟಡಗಳನ್ನು ಕ್ಯಾಲಿಫೋರ್ನಿಯ ಸ್ಟೇಟ್ ಯೂನಿವರ್ಸಿಟಿ ಮರುಭೂಮಿಯ ಅಧ್ಯಯನಕೇಂದ್ರವಾಗಿ ಬಳಸತೊಡಗಿತು. ರೋಗಿಗಳು ಮಲಗುತ್ತಿದ್ದ ಕೋಣೆಗಳು ವಿದ್ಯಾರ್ಥಿಗಳಿಗೂ ವಿಜ್ಞಾನಿಗಳಿಗೂ ದೊರೆತವು. 1984ರಲ್ಲಿ ಸ್ಥಳನಾಮಗಳ ರಾಷ್ಟ್ರೀಯ ಮಂಡಳಿ ಜೈಜಿಕ್ಸ್ ಎಂಬ ಹೆಸರಿಗೆ ಅಧಿಕೃತ ಮನ್ನಣೆ ನೀಡಿತು. 1994ರಲ್ಲಿ ಸುತ್ತಲಿನ ಪ್ರದೇಶವೆಲ್ಲ ಮೊಹಾವಿ ರಾಷ್ಟ್ರೀಯ ರಕ್ಷಿತಪ್ರದೇಶಕ್ಕೆ ಸೇರಿತು.

ಇನ್ನೊಂದು ಸಂಗತಿ ಉಳಿದಿದೆ. ಮೊಹಾವಿ ನದಿಗೆ ವಿಶಿಷ್ಟವಾದ ಟುಯಿ ಚಬ್ ಎಂಬ ಪುಟ್ಟ ಮೀನಿನ ಸಂತತಿ, ಹೊರಗಿನ ಬೇರೊಂದು ಮೀನು ನದಿಯನ್ನು ಸೇರಿದ ಬಳಿಕ ಅಲ್ಲಿಂದ ಅಳಿದುಹೋಯಿತು. 1970ರಲ್ಲಿ ಅದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದರು. ಅದು ಬದುಕಿ ಉಳಿದದ್ದು ಸೋಡಾ ಸ್ಪ್ರಿಂಗ್ಸಿನ ಚಿಲುಮೆಯ ನೀರಿನಲ್ಲಿ. ಇಂದು ಅದಕ್ಕೆ ಮುಖ್ಯ ಆಶ್ರಯವಾಗಿರುವ ಜಲಾಶಯಗಳಲ್ಲೊಂದು, ಸ್ಪ್ರಿಂಗರ್ ತನ್ನ ಅತಿಥಿಗಳ ಮನೋಲ್ಲಾಸಕ್ಕೆಂದು ತೋಡಿಸಿದ ಟುಯೆಂಡೆ ಎಂಬ ಕೊಳ. ಸಕಲ ರೋಗಗಳನ್ನೂ ವಾಸಿಮಾಡುತ್ತೇನೆಂದು ಸಾರಿದವನಿಂದ ನಿಸ್ಸಂದೇಹವಾಗಿ ಉಪಕಾರವಾದದ್ದು, ಆತ ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರದ ಒಂದು ಮೀನಿಗೆ!

ಇಂದಿಗೂ ಹೆದ್ದಾರಿಯ ವಾಹನಗಳು ಲಾಸ್ ವೇಗಸ್ಸಿನ ಕಡೆಗೆ ರಭಸದಿಂದ ಧಾವಿಸುತ್ತವೆ. ಫಲಕವನ್ನು ಕಂಡವರು ನಕ್ಕು ಮುಂದೆ ಸಾಗುತ್ತಾರೆ. ಬಿಳಿಯ ಬಯಲಿನ ಅಂಚಿನಲ್ಲಿ ಆ ಸಣ್ಣ ರಸ್ತೆ ಮೌನವಾಗಿ ಮಲಗಿದೆ. ಆರೋಗ್ಯದ ಬಗ್ಗೆ ಕೊನೆಯ ಮಾತು ತನ್ನದೇ ಎಂದು ಹೇಳಿಕೊಂಡವನು ಇಟ್ಟ ಹೆಸರು, ಅಂಥ ಕೊನೆಯ ಮಾತು ಯಾರಲ್ಲಿಯೂ ಇಲ್ಲವೆಂಬುದನ್ನು ದಾರಿಹೋಕರಿಗೆ ನೆನಪಿಸುತ್ತಿದ್ದರೆ ಆ ಫಲಕ ಸಾರ್ಥಕವಾಯಿತೆನ್ನಬೇಕು.